ರ‍್ಯಾಚೆಟ್ ಕೈಕೊಟ್ರೆ ಯಾರನ್ನ ಹಿಡ್ಕೊಳ್ಳೋದು? ಟೂಲ್ಸ್ ತಗೊಳ್ಳೋದು, ವಾರಂಟಿ ವಸೂಲಿ ಮಾಡೋದು ಹೇಗೆ

ಹೋದ ವರ್ಷ ಬೇಸಿಗೇಲಿ ಒಂದು ಪಂಪ್‌ಸೆಟ್ ಬಿಚ್ತಾ ಇದ್ದೆ. ಫ್ಲೇಂಜ್ ಬೋಲ್ಟು ತುಕ್ಕು ಹಿಡಿದು ಕೂತ್ಬಿಟ್ಟಿತ್ತು, ಹಾಫ್ ಇಂಚಿನ ರ‍್ಯಾಚೆಟ್ (ಒಳಗೆ ಹಲ್ಲುಚಕ್ರ ಇರೋ, ಬೋಲ್ಟಿಂದ ಎತ್ತದೆ ಹಿಂದೆ ಮುಂದೆ ಆಡಿಸಿ ಬಿಚ್ಚೋ ಹಿಡಿ) ಹಾಕಿ ಮೈಭಾರ ಬಿಟ್ಟು ಎಳೆದೆ, ಒಳಗೆ ಟಕ್ ಅಂತು ಅಷ್ಟೇ, ಹಲ್ಲು ಜಾರಿ ಕೈ ಸೀದಾ ಹೋಗಿ ಕೇಸಿಂಗಿಗೆ ಬಡೀತು, ಮೂರು ಬೆರಳ ಗೆಣ್ಣು ಸುಲಿದೋಯ್ತು. ತಗೊಂಡು ಬರೀ ಎಂಟು ತಿಂಗಳು. ಬಾಕ್ಸ್ ಮೇಲೆ ದಪ್ಪಕ್ಷರದಲ್ಲಿ ಲೈಫ್‌ಟೈಮ್ ವಾರಂಟಿ ಅಂತ ಬರ್ದಿದೆ. ಸರಿ, ಕೈಗೆ ಬಟ್ಟೆ ಸುತ್ಕೊಂಡು ಅವತ್ತೇ ಸಂಜೆ ಅಂಗಡಿಗೆ ಹೋದೆ.

ಅಂಗಡಿಯೋರು ರ‍್ಯಾಚೆಟ್ ಕಡೆ ನೋಡ್ಲೇ ಇಲ್ಲ, ಚೀಟಿ ಕೇಳಿದ್ರು. ಕೊಟ್ಟೆ. "ಅಣ್ಣ, ಇದು ಬಿಲ್ ಅಲ್ಲ, ಎಸ್ಟಿಮೇಟು" ಅಂದ್ರು. ನೋಡ್ತೀನಿ, ನಿಜ, ಮೇಲ್ಗಡೆ ಸಣ್ಣಕ್ಷರದಲ್ಲಿ ಎಸ್ಟಿಮೇಟ್ ಅಂತಾನೇ ಇದೆ, ಜಿಎಸ್‌ಟಿ ನಂಬರ್ ಇಲ್ಲ, ಅಂಗಡಿ ಹೆಸರೂ ಇಲ್ಲ, "ರ‍್ಯಾಚೆಟ್ - 1" ಅಂತ ಪೆನ್ನಲ್ಲಿ ಗೀಚಿದ್ದು ಬಿಟ್ರೆ ಏನೂ ಇಲ್ಲ. ಎಂಟು ತಿಂಗಳ ಹಿಂದೆ "ಬಿಲ್ ಬೇಕಾದ್ರೆ ಟ್ಯಾಕ್ಸ್ ಬೀಳುತ್ತೆ, ಹಂಗೇ ಕೊಡ್ಲಾ?" ಅಂತ ಕೇಳಿದಾಗ ಹಂಗೇ ಕೊಡಿ ಅಂದೋನು ನಾನೇ. ಆದ್ರೂ ಪಾಪ ಪರಿಚಯದ ಮೇಲೆ ಇಸ್ಕೊಂಡ್ರು. ಎರಡೂವರೆ ತಿಂಗಳಾದ್ಮೇಲೆ ವಾಪಸ್ ಬಂತು, ಮಿಸ್‌ಯೂಸ್, ವಾರಂಟಿ ಇಲ್ಲ ಅಂತ. ಯಾಕೆ ಅಂದ್ರೆ ಹಿಡಿಕೆ ಮೇಲೆ ಪೈಪ್ ಹಾಕಿದ ಗುರುತಿತ್ತು. ಅದೂ ನಿಜಾನೇ, ಬೇರೆ ಯಾವತ್ತೋ ಒಂದು ದಿನ ಒಂದೂವರೆ ಅಡಿ ಜಿಐ ಪೈಪ್ ತೂರ್ಸಿ ಎಳೆದಿದ್ದೆ, ಯಾರು ತಾನೇ ಎಳೆಯಲ್ಲ.

ಅದಾದ್ಮೇಲೆ ಇನ್ನೊಂದ್ಸಲ ಕಟಿಂಗ್ ಪ್ಲೇಯರ್ ಹೋಯ್ತು, ಆಗ ಸರಿಯಾಗಿ ಮಾಡ್ದೆ, ಹೊಸದು ಸಿಕ್ತು. ಈ ಎರಡರ ಮಧ್ಯೆ ಕಲ್ತಿದ್ದನ್ನ ಬರೀತಿದೀನಿ. ಮುಖ್ಯ ಮಾತು ಇಷ್ಟೇ, ವಾರಂಟಿ ಅನ್ನೋದು ಟೂಲು ಮುರಿದ ದಿನ ಶುರುವಾಗೋದಲ್ಲ, ತಗೊಳ್ಳೋ ದಿನ ಕೌಂಟರ್ ಮುಂದೆ ನಿಂತಾಗ್ಲೇ ಅದನ್ನ ಗಟ್ಟಿ ಮಾಡ್ಕೋಬೇಕು, ಆಮೇಲೆ ಜಗಳ ಆಡಿ ಪ್ರಯೋಜನ ಕಮ್ಮಿ.

ಮೊದ್ಲು, ಕ್ವಾಲಿಟಿ ಯಾಕೆ ಹಿಂಗಾಯ್ತು

ಆಯುಧ ಪೂಜೆ ದಿನ ನಮ್ಮಲ್ಲಿ ಎಲ್ಲಾ ಟೂಲ್ಸ್ ಹೊರಗೆ ತೆಗೆದು ಸೀಮೆಎಣ್ಣೆಲೋ ಡೀಸಲ್ಲೋ ತೊಳೆದು ಸಾಲಾಗಿ ಜೋಡ್ಸಿ ಕುಂಕುಮ ಇಡ್ತೀವಿ. ಹಂಗೆ ಜೋಡ್ಸಿದಾಗ್ಲೇ ಗೊತ್ತಾಗೋದು. ಅಪ್ಪನ ಕಾಲದ ರಿಂಗ್ ಸ್ಪ್ಯಾನರ್ ಸೆಟ್ಟು ಕಪ್ಪಾಗಿದೆ, ಹೊಳಪಿಲ್ಲ, ಆದ್ರೆ ರಿಂಗಿನ ಒಳಗಿನ ಮೂಲೆ ಇನ್ನೂ ಚೂಪಾಗಿದೆ, 12-13 ಇವತ್ತಿಗೂ ಬೋಲ್ಟಿನ ಮೇಲೆ ಗಕ್ಕನೆ ಕೂರುತ್ತೆ. ಪಕ್ಕದಲ್ಲಿರೋ ನಾನು ತಂದಿದ್ದು ಫಳಫಳ ಅಂತಿತ್ತು, ಈಗ ಕ್ರೋಮ್ ಸಿಪ್ಪೆ ಏಳ್ತಾ ಇದೆ, ಆ ಸಿಪ್ಪೆ ಬ್ಲೇಡಿದ್ದಂಗೆ, ಒರೆಸೋಕೆ ಹೋದ್ರೆ ಕೈ ಕುಯ್ಯುತ್ತೆ. ಹಂಗಂತ ಹಳೇದೆಲ್ಲ ಚಿನ್ನ ಅಂತ ನಾನು ಹೇಳಲ್ಲ, ಅಪ್ಪ ಬಿಸಾಕಿದ ಕೆಟ್ಟ ಸ್ಪ್ಯಾನರ್‌ಗಳು ಈಗ ನಮ್ ಕಣ್ಮುಂದೆ ಇಲ್ವಲ್ಲ, ಉಳಿದಿರೋದಷ್ಟೇ ಕಾಣೋದು.

ಸ್ಪ್ಯಾನರ್ ಒಳ್ಳೇದಾಗೋದು ಕೆಟ್ಟದಾಗೋದು ಬಹುಪಾಲು ಹೀಟ್ ಟ್ರೀಟ್‌ಮೆಂಟಲ್ಲಿ. ಕಬ್ಬಿಣ ಕಾಯಿಸಿ ಎಣ್ಣೇಲಿ ಅದ್ದಿ ಗಟ್ಟಿ ಮಾಡೋದು ಒಂದು, ಆಮೇಲೆ ಮತ್ತೆ ಹದವಾಗಿ ಕಾಯಿಸಿ ಆ ಪೆಡಸುತನ ತೆಗೆಯೋದು ಇನ್ನೊಂದು, ಅದಕ್ಕೆ ಟೆಂಪರಿಂಗ್ ಅಂತಾರೆ, ನಮ್ಮ ಕಮ್ಮಾರ್ರು ಹದ ಕೊಡೋದು ಅಂತಾರಲ್ಲ ಅದೇ. ಮೊದಲನೇದು ಸರಿಯಾಗಿಲ್ದಿದ್ರೆ ಸ್ಪ್ಯಾನರ್ ಬಾಯಿ ಅಗಲ ಆಗುತ್ತೆ, ಬೋಲ್ಟ್ ತಲೆ ಸವೆದು ರೌಂಡ್ ಆಗುತ್ತೆ. ಎರಡನೇದು ಸರಿಯಾಗಿಲ್ದಿದ್ರೆ ಬಾಗೋದೇ ಇಲ್ಲ, ಸೀದಾ ಟಕ್ ಅಂತ ಮುರಿಯುತ್ತೆ. ಇದ್ಯಾವ್ದೂ ಹೊರಗಿಂದ ನೋಡಿದ್ರೆ ಕಾಣಲ್ಲ, ಮೇಲೆ ಕ್ರೋಮ್ ಹೊಡೆದ್ರೆ ಎರಡೂ ಒಂದೇ ಥರ ಹೊಳೆಯುತ್ತೆ, ಹಂಗಾಗಿ ಖರ್ಚು ಉಳಿಸ್ಬೇಕು ಅನ್ನೋರು ಕೈ ಹಾಕೋದು ಅಲ್ಲಿಗೇನೇ.

ಇನ್ನೊಂದು ವಿಷ್ಯ, ಒಂದೇ ಕಂಪನಿ ಹೆಸರಲ್ಲಿ ನಾಲ್ಕು ದರ್ಜೆ ಮಾಲು ಬರುತ್ತೆ. ಪಂಜಾಬಿನ ಜಲಂಧರ್, ಲುಧಿಯಾನ, ರಾಜಸ್ಥಾನದ ನಾಗೌರ್, ಇಲ್ಲೆಲ್ಲ ಮನೆಮನೆ ಅನ್ನೋ ಹಂಗೆ ಟೂಲ್ಸ್ ಮಾಡೋ ಯೂನಿಟ್‌ಗಳಿವೆ. ಜಲಂಧರಿಂದ ಹೊರದೇಶಕ್ಕೂ ಹೋಗುತ್ತೆ, ನಮ್ಮೂರ ಸಂತೆಗೂ ಬರುತ್ತೆ, ಆರ್ಡರ್ ಕೊಟ್ಟೋನು ಎಷ್ಟು ದುಡ್ಡು ಕೊಡ್ತಾನೋ ಅಷ್ಟಕ್ಕೆ ತಕ್ಕ ಮಾಲು ಮಾಡ್ತಾರೆ. ನಾಸಿಕ್‌ನ ಟಪಾರಿಯಾ ಥರ 1969ರಲ್ಲಿ ಸ್ವೀಡನ್ ಕಂಪನಿ ಜೊತೆ ಸೇರಿ ಶುರು ಮಾಡಿ ಇವತ್ತಿಗೂ ಮೆಕ್ಯಾನಿಕ್‌ಗಳ ಬಾಯಲ್ಲಿ ಉಳ್ಕೊಂಡಿರೋ ಹೆಸರುಗಳೂ ಇವೆ, ಅಂಥ ಹೆಸರಿಗೇನೇ ಡೂಪ್ಲಿಕೇಟ್ ಕಾಟ ಜಾಸ್ತಿ ನೋಡಿ. ಹಂಗಾಗಿ "ಯಾವ ಕಂಪನಿ ಒಳ್ಳೇದು" ಅಂತ ಕೇಳೋದಕ್ಕಿಂತ "ಈ ಪೀಸ್ ಒಳ್ಳೇದಾ" ಅಂತ ನೋಡೋದು ಮೇಲು.

ಕೌಂಟರ್ ಮುಂದೆ ನಿಂತಾಗ ಏನ್ ನೋಡ್ಬೇಕು

ಟೂಲ್ಸ್ ತಗೊಳ್ಳೋಕೆ ಹೋಗೋವಾಗ ಜೇಬಲ್ಲಿ ಎರಡು ಹೊಸ ಬೋಲ್ಟ್ ಇಟ್ಕೊಂಡು ಹೋಗಿ, ಒಂದು ಎಂ6 ಅಂದ್ರೆ 6 ಮಿಲಿಮೀಟರ್ ದಪ್ಪದ್ದು, ಅದಕ್ಕೆ 10ರ ಸ್ಪ್ಯಾನರು, ಇನ್ನೊಂದು ಎಂ8, ಅದಕ್ಕೆ 13ರದ್ದು. ಸ್ಪ್ಯಾನರ್ ಹಾಕಿ ಅಲ್ಲಾಡ್ಸಿ ನೋಡಿ. ಸ್ವಲ್ಪ ಆಟ ಇದ್ದೇ ಇರುತ್ತೆ, ಆದ್ರೆ ಲಟಲಟ ಅಂತ ಅಂದ್ರೆ ವಾಪಸ್ ಇಡಿ. ಅದೇ ಸೈಜಿನ ಇನ್ನೂ ಎರಡು ಪೀಸ್ ತೆಗೆಸಿ ಹಾಕಿ ನೋಡಿ, ಮೂರೂ ಒಂದೇ ಥರ ಕೂತ್ರೆ ಆ ಫ್ಯಾಕ್ಟರಿಲಿ ಯಾರೋ ಗೇಜ್ ಇಟ್ಕೊಂಡು ನೋಡ್ತಾ ಇದಾರೆ ಅಂತ ಅರ್ಥ, ಒಂದು ಬಿಗಿ ಒಂದು ಸಡಿಲ ಅಂದ್ರೆ ಯಾರೂ ನೋಡ್ತಿಲ್ಲ. ಅಂಗಡಿ ಹುಡುಗ್ರು ಗೊಣಗ್ತಾರೆ, ಗೊಣಗ್ಲಿ ಬಿಡಿ.

ಕಟಿಂಗ್ ಪ್ಲೇಯರ್ ಆದ್ರೆ ಬಾಯಿ ಮುಚ್ಚಿ ಟ್ಯೂಬ್‌ಲೈಟ್ ಕಡೆ ಹಿಡಿದು ನೋಡಿ. ತುದಿ ಸರಿಯಾಗಿ ಕೂಡ್ಬೇಕು, ಕಟ್ ಮಾಡೋ ಜಾಗದಲ್ಲಿ ಬೆಳಕು ತೂರಬಾರ್ದು. ಬೆಳಕು ತೂರ್ತು ಅಂದ್ರೆ ದಪ್ಪ ವೈರು ಕಟ್ ಆಗುತ್ತೆ, ಒಂದೊಂದೇ ಎಳೆ ಇರೋ ತಾಮ್ರದ ವೈರು ಮಡಚ್ಕೊಂಡು ಕೂತ್ಕೊಳುತ್ತೆ. ಅಂಗಡೀಲಿ ವೈರಿನ ಒಂದು ಎಳೆ ಕೇಳಿ ಇಸ್ಕೊಂಡು ತುದಿಯಿಂದ ಬುಡದ ತನಕ ಮೂರು ಕಡೆ ಕಟ್ ಮಾಡಿ ನೋಡಿ, ಒಂದು ಎಳೆ ವೈರಿಗೆ ಯಾರೂ ದುಡ್ಡು ಕೇಳಲ್ಲ. ಆಮೇಲೆ ಎರಡು ಹಿಡಿ ಹಿಡ್ಕೊಂಡು ಅಡ್ಡಡ್ಡ ಅಲ್ಲಾಡ್ಸಿ, ರಿವೆಟ್ ಹತ್ರ ಆಟ ಇರಬಾರ್ದು, ಹಂಗಂತ ತೆಗೆದು ಮುಚ್ಚೋಕೆ ಎರಡು ಕೈ ಬೇಕಾಗೋ ಅಷ್ಟು ಬಿಗಿನೂ ಇರಬಾರ್ದು.

ಸ್ಪ್ಯಾನರ್ ಮೇಲೆ ಕ್ರೋಮ್ ವೆನೇಡಿಯಂ ಅಂತ ಬರ್ದಿದ್ರೆ ಅದನ್ನೇ ನಂಬ್ಕೊಂಡು ಕೂರಬೇಡಿ, ಅಚ್ಚು ಒತ್ತೋಕೆ ಯಾರಪ್ಪನ ಅಪ್ಪಣೆನೂ ಬೇಕಿಲ್ಲ. ಮ್ಯಾಗ್ನೆಟ್ ಟೆಸ್ಟು ಅಂತ ಕೆಲವ್ರು ತೋರಿಸ್ತಾರೆ, ಅದರಿಂದ ಏನೂ ಗೊತ್ತಾಗಲ್ಲ, ಕೆಟ್ಟ ಉಕ್ಕಿಗೂ ಮ್ಯಾಗ್ನೆಟ್ ಅಂಟ್ಕೊಳುತ್ತೆ ಒಳ್ಳೇದಕ್ಕೂ ಅಂಟ್ಕೊಳುತ್ತೆ. ಅದರ ಬದಲು ಐಎಸ್‌ಐ ಮಾರ್ಕ್ ಇದ್ಯಾ ನೋಡಿ. ಮಾರ್ಕಿನ ಮೇಲೆ ಐಎಸ್ ನಂಬರ್ ಇರ್ಬೇಕು, ಓಪನ್ ಸ್ಪ್ಯಾನರಿಗೆ 2028, ರಿಂಗ್ ಸ್ಪ್ಯಾನರಿಗೆ 2029, ಕಟಿಂಗ್ ಪ್ಲೇಯರಿಗೆ 3650, ಸ್ಕ್ರೂಡ್ರೈವರಿಗೆ 844, ಸುತ್ತಿಗೆಗೆ 841. ಕೆಳಗಡೆ ಸಿಎಂ/ಎಲ್ ಅಂತ ಲೈಸೆನ್ಸ್ ನಂಬರ್ ಇರುತ್ತೆ, ಅದನ್ನ ಈ ಮಾರ್ಕ್ ಕೊಡೋ ಬಿಐಎಸ್‌ನೋರ ಬಿಐಎಸ್ ಕೇರ್ ಆಪಲ್ಲಿ ಹಾಕಿದ್ರೆ ಆ ನಂಬರು ಯಾವ ಕಂಪನೀದು, ಯಾವ ಐಟಂಗೆ ಕೊಟ್ಟಿದ್ದು, ಚಾಲ್ತೀಲಿ ಇದ್ಯಾ ಅಂತ ಅಲ್ಲೇ ನಿಂತ್ಕೊಂಡೇ ನೋಡ್ಬೋದು. ಪ್ಲೇಯರ್ ಮೇಲಿನ ನಂಬರ್ ಹಾಕಿದ್ರೆ ಪೈಪ್ ಕಂಪನಿ ಹೆಸರು ಬಂದ್ರೆ ಕೈ ಮುಗಿದು ಎದ್ದು ಬನ್ನಿ.

ಕರೆಂಟ್ ಕೆಲಸ ಮಾಡೋರಿಗೆ ಒಂದು ಮಾತು, ಇದರಲ್ಲಿ ದುಡ್ಡು ಹೋಗೋದಷ್ಟೇ ಅಲ್ಲ. ಹಿಡಿ ಮೇಲೆ ಕೆಂಪು ಹಳದಿ ಪ್ಲಾಸ್ಟಿಕ್ ಇದ್ದ ಮಾತ್ರಕ್ಕೆ ಅದು ಇನ್ಸುಲೇಟೆಡ್ ಅಲ್ಲ, ಎಷ್ಟೋ ಸಲ ಅದು ಬರೀ ಹಿಡ್ಕೊಳ್ಳೋಕೆ ಮೆತ್ತಗಿರ್ಲಿ ಅಂತ ಹಾಕಿರೋ ಸ್ಲೀವು. ಲೈವ್ ಕೆಲಸಕ್ಕೆ ಅಂತ ಟೆಸ್ಟ್ ಮಾಡಿದ ಟೂಲ್ ಮೇಲೆ ಒಂದರ ಮೇಲೊಂದು ಹಾಕಿದ ಎರಡು ತ್ರಿಕೋನದ ಗುರುತು, ಪಕ್ಕದಲ್ಲಿ 1000 ವೋಲ್ಟ್ ಅಂತ ಇರುತ್ತೆ, ಐಇಸಿ 60900 ಅಂತ ಸ್ಟ್ಯಾಂಡರ್ಡ್ ನಂಬರೂ ಇರುತ್ತೆ. ಇಲ್ದಿದ್ರೆ ಮೇನ್ ಆಫ್ ಮಾಡದೆ ಮುಟ್ಟಬೇಡಿ. ಇದ್ರೂ ಮೇನ್ ಆಫ್ ಮಾಡೋದೇ ಒಳ್ಳೇದು.

ಸೆಟ್ ತಗೊಳ್ಳೋದ್ರ ಬಗ್ಗೆ ನನ್ನ ಅಭಿಪ್ರಾಯ, 46 ಪೀಸು, 108 ಪೀಸು ಅಂತ ಸೂಟ್‌ಕೇಸ್ ಥರ ಬರ್ತಾವಲ್ಲ, ಬೇಡ. ಅದರಲ್ಲಿ ನೀವು ದಿನಾ ಮುಟ್ಟೋದು ಏಳೋ ಎಂಟೋ ಪೀಸು, ಉಳಿದಿದ್ದು ನಂಬರ್ ತುಂಬ್ಸೋಕೆ ಹಾಕಿರೋ ಬಿಟ್‌ಗಳು. ಆ ಏಳೆಂಟನ್ನ ಬಿಡಿಬಿಡಿಯಾಗಿ ಒಳ್ಳೇ ದರ್ಜೇಲಿ ತಗೊಳ್ಳಿ, ಸೆಟ್ಟಲ್ಲಿ ಒಂದು ಪೀಸ್ ಹೋದ್ರೆ ಪೂರ್ತಿ ಬಾಕ್ಸ್ ತನ್ನಿ ಅಂತ ವಾರಂಟೀಲಿ ರಗಳೆ ಮಾಡೋದೂ ತಪ್ಪುತ್ತೆ. ಬೆಂಗಳೂರಿನ ಎಸ್.ಪಿ. ರೋಡ್, ಎಸ್.ಜೆ.ಪಿ. ರೋಡ್ ಕಡೆ ಹೋದ್ರೆ ಒಂದೇ ಸಾಲಲ್ಲಿ ಹತ್ತು ಅಂಗಡಿ ಸುತ್ತಿ ಕೈಯಲ್ಲಿ ಹಿಡ್ದು ನೋಡ್ಬೋದು, ಆದ್ರೆ ತುಮಕೂರಿನೋನು ಅಲ್ಲಿ ತಗೊಂಡ್ರೆ ವಾರಂಟಿಗೆ ಮತ್ತೆ ಅಲ್ಲಿಗೇ ಬಸ್ ಹತ್ಬೇಕು, ಐವತ್ತು ರೂಪಾಯಿ ಉಳಿಸೋಕೆ ಹೋಗಿ ಇನ್ನೂರು ರೂಪಾಯಿ ಬಸ್ ಚಾರ್ಜು. ನಾನಂತೂ ಈಗ ನಮ್ಮೂರಲ್ಲೇ ತಗೊಳ್ಳೋದು.

ಬಿಲ್, ಬಾಕ್ಸ್, ಫೋಟೋ

ಬಿಲ್ ಬೇಕೇ ಬೇಕು, ಎಸ್ಟಿಮೇಟ್ ಅಲ್ಲ, ಕೊಟೇಶನ್ ಅಲ್ಲ. ಅಂಗಡಿ ಹೆಸರು, ಜಿಎಸ್‌ಟಿ ನಂಬರ್, ಬಿಲ್ ನಂಬರ್, ತಾರೀಕು ಇರ್ಬೇಕು, ಐಟಂ ಹೆಸರಿನ ಜಾಗದಲ್ಲಿ ಬರೀ "ಟೂಲ್ಸ್" ಅಂತ ಬರೆಸ್ಕೊಂಡು ಬರಬೇಡಿ, ಕಂಪನಿ ಹೆಸರು ಮಾಡೆಲ್ ನಂಬರ್ ಎರಡೂ ಬರೆಸಿ. ಸ್ಪ್ಯಾನರ್, ಪ್ಲೇಯರ್, ಸ್ಕ್ರೂಡ್ರೈವರ್‌ಗೆಲ್ಲ ಜಿಎಸ್‌ಟಿ 18 ಪರ್ಸೆಂಟು, ಎಂಆರ್‌ಪಿ ಅಂದ್ರೇನೇ ಎಲ್ಲಾ ಟ್ಯಾಕ್ಸ್ ಸೇರಿ ಅಂತ, ಆದ್ರಿಂದ ಬಿಲ್ ಕೇಳಿದ್ರೆ ಎಂಆರ್‌ಪಿ ಮೇಲೆ ಇನ್ನೂ 18 ಪರ್ಸೆಂಟ್ ಆಗುತ್ತೆ ಅಂತ ಹೇಳಿದ್ರೆ ಅದು ಸುಳ್ಳು. ಗುದ್ದಲಿ, ಪಿಕಾಸಿ, ಸನಿಕೆ, ಕೊಡಲಿ ಇಂಥ ಬೇಸಾಯದ ಕೈ ಸಾಮಾನಿಗೆ ಟ್ಯಾಕ್ಸೇ ಇಲ್ಲ, ಅದಕ್ಕೂ ಟ್ಯಾಕ್ಸ್ ಹಾಕಿದ್ರೆ ಯಾಕಪ್ಪ ಅಂತ ಕೇಳಿ.

ಈಗಿನ ಬಿಲ್ಲು ಥರ್ಮಲ್ ಪೇಪರಲ್ಲಿ ಬರುತ್ತೆ, ಬೈಕ್ ಡಿಕ್ಕೀಲಿ ಒಂದು ಬೇಸಿಗೆ ಇಟ್ರೆ ಬಿಳಿ ಹಾಳೆ ಆಗೋಗುತ್ತೆ. ಅವತ್ತೇ ಫೋಟೋ ತೆಗೆದು ವಾಟ್ಸಾಪಲ್ಲಿ ನಿಮಗೆ ನೀವೇ ಕಳಿಸ್ಕೊಳ್ಳಿ, ತಾರೀಕಿನ ಜೊತೆ ಉಳ್ಕೊಳುತ್ತೆ. ಬಾಕ್ಸಿನ ಆರೂ ಕಡೆ ಫೋಟೋ ತೆಗೀರಿ, ತಯಾರು ಮಾಡಿದೋರ ಇಲ್ಲಾ ಇಂಪೋರ್ಟ್ ಮಾಡಿದೋರ ಹೆಸರು ವಿಳಾಸ, ತಿಂಗಳು ವರ್ಷ, ಕಸ್ಟಮರ್ ಕೇರ್ ನಂಬರ್ ಇವೆಲ್ಲ ಪ್ಯಾಕೆಟ್ ಮೇಲೆ ಇರ್ಲೇಬೇಕು ಅಂತ 2011ರ ಪ್ಯಾಕೇಜ್ಡ್ ಕಮಾಡಿಟೀಸ್ ರೂಲ್ಸಲ್ಲಿದೆ. ಏನೂ ಅಚ್ಚಾಗಿಲ್ದೆ ಬರೀ ಸ್ಟಿಕ್ಕರ್ ಇರೋ ಬಾಕ್ಸ್ ಅಂದ್ರೆ ನಾಳೆ ಯಾರಿಗೆ ಫೋನ್ ಮಾಡ್ತೀರ? ನಾನು ಈಗ ಆಯುಧ ಪೂಜೆ ದಿನಾನೇ ಸಾಲಾಗಿ ಜೋಡ್ಸಿದ ಟೂಲ್ಸಿಗೆ ಕುಂಕುಮ ಇಟ್ಟಾದ್ಮೇಲೆ ಒಂದು ಫೋಟೋ ತೆಗೆದಿಡ್ತೀನಿ, ವರ್ಷಕ್ಕೊಂದ್ಸಲ ಲೆಕ್ಕ ಸಿಗುತ್ತೆ, ಯಾವ್ದು ಯಾರ್ ಮನೆ ಸೇರಿದೆ ಅಂತಾನೂ ಗೊತ್ತಾಗುತ್ತೆ.

ಆನ್‌ಲೈನಲ್ಲಿ ತಗೊಳ್ಳೋರು ಮಾರೋರ ಹೆಸರು ನೋಡಿ, ಸೈಟಿನ ಹೆಸರಲ್ಲ. ರಿಟರ್ನ್ ಮಾಡೋಕೆ ಕೊಡೋ ದಿನಗಳು ಬೇರೆ, ಕಂಪನಿ ವಾರಂಟಿ ಬೇರೆ, ಎಷ್ಟೋ ಜನ ಎರಡನ್ನೂ ಒಂದೇ ಅಂದ್ಕೊಂಡು ಪ್ಯಾಕೆಟ್ ಬಿಚ್ಚದೆ ಅಟ್ಟದ ಮೇಲೆ ಇಟ್ಟಿರ್ತಾರೆ. ಬಂದ ದಿನಾನೇ ಬಿಚ್ಚಿ, ಬೋಲ್ಟ್ ಹಾಕಿ, ಬೆಳಕಿಗೆ ಹಿಡಿದು ನೋಡಿ. ಇನ್ವಾಯ್ಸ್ ಡೌನ್‌ಲೋಡ್ ಮಾಡಿಟ್ಕೊಳ್ಳಿ.

ಲೈಫ್‌ಟೈಮ್ ಅಂದ್ರೆ ಯಾರ ಲೈಫು

ನಮ್ಮ ಕಡೆ ಹುಡುಗ್ರು ಅಮೆರಿಕಾಗೆ ಹೋಗಿ ಬರೋವಾಗ ಅಪ್ಪನಿಗೆ ಅಂತ ಸೂಟ್‌ಕೇಸಲ್ಲಿ ಸಾಕೆಟ್ ಸೆಟ್ (ಬೋಲ್ಟ್ ತಲೆ ಮೇಲೆ ಕೂರಿಸೋ ಬಟ್ಟಲುಗಳು) ತರ್ತಾರೆ. ಅಲ್ಲಿ ಸಿಯರ್ಸ್ ಅನ್ನೋ ದೊಡ್ಡ ಅಂಗಡಿ 1927ರಿಂದ ಕ್ರಾಫ್ಟ್ಸ್‌ಮನ್ ಅನ್ನೋ ಹೆಸರಲ್ಲಿ ಟೂಲ್ಸ್ ಮಾರ್ತಿತ್ತು, ಮುರಿದ ಸ್ಪ್ಯಾನರ್ ತಗೊಂಡು ಹೋದ್ರೆ ಬಿಲ್ ಕೂಡ ಕೇಳ್ದೆ ಹೊಸದು ಕೊಡ್ತಿದ್ರು ಅಂತ ಅಲ್ಲಿನೋರು ಇವತ್ತಿಗೂ ಕಥೆ ಹೇಳ್ತಾರೆ. 2017ರಲ್ಲಿ ಆ ಹೆಸರನ್ನ ಸ್ಟಾನ್ಲಿ ಬ್ಲ್ಯಾಕ್ ಅಂಡ್ ಡೆಕರ್ ತಗೊಳ್ತು, ಸಿಯರ್ಸ್ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದ್ವು. ಇದನ್ನ ಯಾಕೆ ಹೇಳ್ದೆ ಅಂದ್ರೆ ಬಿಲ್ ಇಲ್ದೆ ಬದಲಾಯಿಸಿ ಕೊಡೋ ವಾರಂಟಿ ನಡೀಬೇಕು ಅಂದ್ರೆ ಊರೂರಲ್ಲಿ ಕೌಂಟರ್ ಇರ್ಬೇಕು, ಕೌಂಟರ್ ಮುಚ್ಚಿದ ಮೇಲೆ ಅದು ಫಾರಂ ತುಂಬೋ ವಾರಂಟಿ ಆಗುತ್ತೆ. ಹೊರದೇಶದಿಂದ ತಂದ ಸೆಟ್ಟಿಗೆ ಇಲ್ಲಿ ವಾರಂಟಿ ಇದ್ಯಾ ಅಂತ ತರೋ ಮುಂಚೆನೇ ಓದ್ಕೊಳ್ಳಿ, ಬಹಳಷ್ಟು ಕಂಪನಿಗಳದ್ದು ಕೊಂಡ ದೇಶದಲ್ಲಷ್ಟೇ ನಡೆಯೋದು.

ನಮ್ಮಲ್ಲಿ ಲೈಫ್‌ಟೈಮ್ ಅಂತ ಬರೆದಿದ್ರ ಕೆಳಗೆ ಸಾಮಾನ್ಯವಾಗಿ ಮ್ಯಾನುಫ್ಯಾಕ್ಚರಿಂಗ್ ಡಿಫೆಕ್ಟಿಗೆ ಮಾತ್ರ ಅಂತ ಇರುತ್ತೆ, ಲೈಫ್ ಅಂದ್ರೆ ನಿಮ್ಮ ಆಯಸ್ಸಲ್ಲ, ಆ ಟೂಲಿನ ಆಯಸ್ಸು, ಅದೆಷ್ಟು ಅಂತ ಹೇಳೋದು ಅವರೇ. ಸವೆತಕ್ಕೆ ಇಲ್ಲ, ಹ್ಯಾಕ್ಸಾ ಬ್ಲೇಡು, ಬಿಟ್ಟು ಇಂಥದ್ದಕ್ಕೆ ಇಲ್ಲ. ಇನ್ನು ಮಿಸ್‌ಯೂಸ್ ಅಂತ ವಾಪಸ್ ಕಳಿಸೋಕೆ ಅವರು ಹುಡುಕೋ ಗುರುತುಗಳು ಇವು, ಹಿಡಿ ಮೇಲೆ ಪೈಪ್ ಹಾಕಿದ ವೃತ್ತಾಕಾರದ ಗೀರು, ಸ್ಪ್ಯಾನರ್ ಬೆನ್ನ ಮೇಲೆ ಸುತ್ತಿಗೆ ಪೆಟ್ಟಿನ ತಗ್ಗು, ಸ್ಕ್ರೂಡ್ರೈವರ್ ತಲೆ ಹೂವಿನ ಥರ ಅರಳಿರೋದು ಅಂದ್ರೆ ಉಳಿ ಥರ ಬಳಸಿದೀರ ಅಂತ, ಗ್ರೈಂಡರ್ ಗುರುತು, ವೆಲ್ಡಿಂಗ್ ಕಿಡಿ ಬಿದ್ದಿದ್ದು, ಕಾದು ನೀಲಿ ಬಣ್ಣಕ್ಕೆ ತಿರುಗಿದ್ದು. ಹೊಳೆಯೋ ಕ್ರೋಮ್ ಸಾಕೆಟ್ಟನ್ನ ಇಂಪ್ಯಾಕ್ಟ್ ಗನ್ನಿಗೆ (ಕುಟ್ಟಿ ಕುಟ್ಟಿ ಬೋಲ್ಟ್ ತಿರುಗ್ಸೋ ಮೆಷಿನ್ನಿಗೆ) ಹಾಕಿದ್ರೂ ಅಷ್ಟೇ, ಗನ್ನಿಗೆ ಕಪ್ಪು ಇಂಪ್ಯಾಕ್ಟ್ ಸಾಕೆಟ್ಟೇ ಬೇಕು, ಕ್ರೋಮಿನದ್ದು ಸಿಡಿದ್ರೆ ಕಣ್ಣಿಗೇ ಅಪಾಯ.

ಜಾಮ್ ಆದ ಬೋಲ್ಟಿಗೆ ರ‍್ಯಾಚೆಟ್ ಹಾಕ್ಲೇಬೇಡಿ, ನಾನು ಮಾಡಿದ ತಪ್ಪು ಅದೇ. ಒಳಗೆ ಹಿಡಿಯೋದು ಒಂದೆರಡು ಸಣ್ಣ ಹಲ್ಲು ಅಷ್ಟೇ. ಮೊದ್ಲು ತುಕ್ಕು ಬಿಡಿಸೋ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು, ಉದ್ದ ಹಿಡಿಯ ಟಿ-ಬಾರ್ ಹಾಕಿ ಸಡಿಲ ಮಾಡಿ, ಆಮೇಲೆ ಬಿಚ್ಚೋಕೆ ಮಾತ್ರ ರ‍್ಯಾಚೆಟ್.

ಮುರಿದ ದಿನ ಏನ್ ಮಾಡ್ಬೇಕು

ಮೊದಲು ಮುರಿದ ಜಾಗ ಮುಟ್ಟಬೇಡಿ, ಒರೆಸಬೇಡಿ, ಉಜ್ಜಬೇಡಿ, ತುಂಡು ಎಷ್ಟೇ ಸಣ್ಣದಿದ್ರೂ ಹುಡುಕಿ ಕವರಲ್ಲಿ ಹಾಕಿ. ಆ ಮುರಿದ ಮುಖಾನೇ ನಿಮ್ಮ ಸಾಕ್ಷಿ. ಬಿಸಿಲಲ್ಲಿ ಹಿಡಿದು ನೋಡಿ, ಒಳಗೆ ನುಣ್ಣಗೆ ಬೂದು ಬಣ್ಣ ಇದ್ರೆ ಉಕ್ಕು ಪರವಾಗಿಲ್ಲ ಅಂತ. ಕಲ್ಲುಸಕ್ಕರೆ ಒಡೆದಂಗೆ ದಪ್ಪ ದಪ್ಪ ಹರಳು ಮಿಣಮಿಣ ಅಂತಿದ್ರೆ ಜಾಸ್ತಿ ಕಾಯ್ಸಿ ಕೆಡಿಸಿದಾರೆ ಅಂತ ಅನುಮಾನ ಪಡ್ಬೋದು. ಇನ್ನೂ ಗಟ್ಟಿ ಸಾಕ್ಷಿ ಅಂದ್ರೆ ಮುರಿದ ಮುಖದಲ್ಲಿ ಒಂದು ಮೂಲೆ ಕಪ್ಪಾಗಿಯೋ ತುಕ್ಕಿನ ಬಣ್ಣಕ್ಕೋ ಇದ್ದು ಉಳಿದಿದ್ದು ಬೆಳ್ಳಗೆ ಹೊಳೀತಿದ್ರೆ, ಆ ಕಪ್ಪು ಜಾಗ ಮೊದಲೇ ಬಿರುಕು ಬಿಟ್ಟಿತ್ತು, ಹೊಳೆಯೋ ಜಾಗ ಇವತ್ತು ಮುರಿದಿದ್ದು. ನನ್ನ ಪ್ಲೇಯರ್ ದವಡೆ ಮುರಿದಾಗ ರಿವೆಟ್ ಹತ್ರ ಅಕ್ಕಿಕಾಳಿನಷ್ಟು ಕಪ್ಪು ಚುಕ್ಕೆ ಇತ್ತು, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದೆ, ನನ್ನ ಕೆಲಸ ಅರ್ಧ ಆಗಿದ್ದು ಆ ಫೋಟೋದಿಂದಾನೇ. ತುಕ್ಕು ಹಿಡಿಯೋ ಮುಂಚೆ ಅವತ್ತೇ ತೆಗೀಬೇಕು, ಎರಡು ದಿನ ಬಿಟ್ರೆ ಎಲ್ಲಾ ಕಡೆ ಒಂದೇ ಬಣ್ಣ.

ಆಮೇಲೆ ಅಂಗಡಿಗೆ ಹೋಗಿ. ಜಗಳದ ದನೀಲಿ ಹೋಗಬೇಡಿ, ಅವರೂ ಡಿಸ್ಟ್ರಿಬ್ಯೂಟರ್ ಹತ್ರ ಕೇಳ್ಬೇಕು, ಡಿಸ್ಟ್ರಿಬ್ಯೂಟರ್ ಕಂಪನೀಲಿ ಕೇಳ್ಬೇಕು. ಕಂಪನಿ ರೆಪ್ರೆಸೆಂಟೇಟಿವ್ ತಿಂಗಳಿಗೊಂದ್ಸಲನಾದ್ರೂ ಆರ್ಡರ್ ತಗೊಳ್ಳೋಕೆ ಅಂಗಡಿಗೆ ಬರ್ತಾನೆ, ಯಾವತ್ತು ಬರ್ತಾನೆ ಅಂತ ಕೇಳ್ಕೊಂಡು ಅವತ್ತು ಟೂಲ್ ಹಿಡ್ಕೊಂಡು ಹೋಗಿ ಕೂತ್ಕೊಳ್ಳಿ. ಆರ್ಡರ್ ಬೇಕಾಗಿರೋ ಮನುಷ್ಯ ಅಂಗಡಿಯೋರ ಮುಂದೆ ಇಲ್ಲ ಅನ್ನೋದು ಕಷ್ಟ, ನನಗೆ ಗೊತ್ತಿರೋ ದಾರೀಲಿ ಇದೇ ಬೇಗ ಆಗೋದು. ಟೂಲ್ ಕೊಟ್ಟು ಬರೋದಾದ್ರೆ ಬಿಲ್ಲಿನ ಜೆರಾಕ್ಸ್ ಹಿಂದೆ "ವಾರಂಟಿಗೆ ಪಡೆದಿದೆ" ಅಂತ ಬರೆಸಿ ತಾರೀಕು ಹಾಕ್ಸಿ ಸೀಲ್ ಒತ್ತಿಸಿ. ಬಿಲ್ಲಿನ ಒರಿಜಿನಲ್ ಯಾರಿಗೂ ಕೊಡಬೇಡಿ.

ಅದೇ ದಿನ ಬಾಕ್ಸ್ ಮೇಲಿರೋ ಇಮೇಲಿಗೆ ಇಲ್ಲಾ ವಾಟ್ಸಾಪಿಗೆ ಒಂದು ಮೆಸೇಜ್ ಹಾಕಿ, ಫೋನಲ್ಲಿ ಮಾತಾಡಿದ್ದಕ್ಕೆ ದಾಖಲೆ ಇರಲ್ಲ. ನಾನು ಕಳಿಸಿದ್ದು ಹೆಚ್ಚುಕಮ್ಮಿ ಹಿಂಗಿತ್ತು:

"ನಮಸ್ಕಾರ. ನಿಮ್ಮ ಕಂಪನಿಯ 8 ಇಂಚಿನ ಕಟಿಂಗ್ ಪ್ಲೇಯರ್, ಮಾಡೆಲ್ ನಂಬರ್ ಇಷ್ಟು, ಇಂಥಾ ತಾರೀಕು ಇಂಥಾ ಅಂಗಡಿಯಲ್ಲಿ ತಗೊಂಡಿದ್ದೇನೆ, ಬಿಲ್ ಲಗತ್ತಿಸಿದೆ. ನಿನ್ನೆ 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಕತ್ತರಿಸುವಾಗ ಒಂದು ದವಡೆ ರಿವೆಟ್ ಹತ್ತಿರ ಮುರಿದಿದೆ. ಸುತ್ತಿಗೆಯಿಂದ ಹೊಡೆದಿಲ್ಲ, ಬಿಸಿ ಮಾಡಿಲ್ಲ. ಮುರಿದ ಜಾಗದಲ್ಲಿ ಹಳೆಯ ಬಿರುಕಿನ ಕಪ್ಪು ಗುರುತು ಕಾಣುತ್ತಿದೆ, ನಾಲ್ಕು ಫೋಟೋ ಕಳಿಸಿದ್ದೇನೆ. ಟೂಲ್ ಅಂಗಡಿಗೆ ಒಪ್ಪಿಸಿದ್ದೇನೆ. ದಯವಿಟ್ಟು ಕಂಪ್ಲೇಂಟ್ ನಂಬರ್ ಕೊಡಿ, 15 ದಿನದಲ್ಲಿ ಬದಲಿ ಕೊಡುತ್ತೀರೋ ಇಲ್ಲವೋ ಬರವಣಿಗೆಯಲ್ಲಿ ತಿಳಿಸಿ."

ಸಿಟ್ಟಿನ ಮಾತು ಒಂದೂ ಇಲ್ಲ ನೋಡಿ. ಏನ್ ಕೆಲಸ ಮಾಡ್ತಿದ್ದೆ ಅನ್ನೋದನ್ನ ವೈರಿನ ಸೈಜಿನ ಸಮೇತ ಬರೆದಿದ್ದು ಯಾಕೆ ಅಂದ್ರೆ ಆ ಕೆಲಸಕ್ಕೇ ಆ ಟೂಲು ಇರೋದು ಅಂತ ಅವರೇ ಒಪ್ಕೊಳ್ಳೋ ಹಂಗೆ ಆಗ್ಲಿ ಅಂತ. ಆದ್ರೆ ಸುಳ್ಳು ಬರೀಬೇಡಿ, ಮೊಳೆ ಕಿತ್ತು ಮುರಿದಿದ್ದನ್ನ ವೈರ್ ಕಟ್ ಮಾಡ್ತಿದ್ದೆ ಅಂದ್ರೆ ದವಡೆ ಮೇಲಿನ ಗುರುತೇ ನಿಮ್ಮ ಮೇಲೆ ಸಾಕ್ಷಿ ಹೇಳುತ್ತೆ.

ಉತ್ತರ ಬರ್ಲಿಲ್ಲ ಅಂದ್ರೆ 1915ಕ್ಕೆ ಫೋನ್ ಮಾಡಿ, ನ್ಯಾಷನಲ್ ಕನ್ಸ್ಯೂಮರ್ ಹೆಲ್ಪ್‌ಲೈನು, ಕನ್ನಡದಲ್ಲೂ ಮಾತಾಡ್ತಾರೆ. ಅವರು ತೀರ್ಪು ಕೊಡಲ್ಲ, ನಿಮ್ಮ ದೂರನ್ನ ಕಂಪನಿಗೆ ತಲುಪಿಸಿ ಉತ್ತರ ತರಿಸೋಕೆ ನೋಡ್ತಾರೆ, ಎಷ್ಟೋ ಸಲ ಅಷ್ಟಕ್ಕೇ ಕಂಪನಿಯಿಂದ ಫೋನ್ ಬರುತ್ತೆ. ಅದಕ್ಕೂ ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆ ಪ್ರಕಾರ ನೀವು ಇರೋ ಊರಿನ ಜಿಲ್ಲೇಲೇ ಹಾಕ್ಬೋದು, ಕಂಪನಿ ಇರೋ ಊರಿಗೆ ಹೋಗ್ಬೇಕಿಲ್ಲ, 5 ಲಕ್ಷದ ತನಕ ಫೀಸ್ ಇಲ್ಲ, ವಕೀಲರಿಲ್ದೆ ನೀವೇ ವಾದ ಮಾಡ್ಬೋದು, ಆನ್‌ಲೈನಲ್ಲಿ ಇ-ಜಾಗೃತಿ ಪೋರ್ಟಲಿದೆ, ಎರಡು ವರ್ಷದೊಳಗೆ ಹಾಕ್ಬೇಕು. ಆರುನೂರು ರೂಪಾಯಿ ಪ್ಲೇಯರಿಗೆ ಅಲ್ಲಿ ತನಕ ಯಾರೂ ಹೋಗಲ್ಲ, ನಾನೂ ಹೋಗಲ್ಲ. ಹದಿನೈದು ಸಾವಿರದ ಟಾರ್ಕ್ ರೆಂಚಿಗೆ, ಪುಲ್ಲರ್ ಸೆಟ್ಟಿಗೆ ಹೋಗೋದ್ರಲ್ಲಿ ಅರ್ಥ ಇದೆ.

ಮೆಕ್ಯಾನಿಕ್, ಪ್ಲಂಬರ್, ಎಲೆಕ್ಟ್ರಿಷಿಯನ್‌ಗಳಿಗೆ ಕೆಲವು ಸಲ "ನೀವು ಕಮರ್ಷಿಯಲ್ ಯೂಸ್ ಮಾಡ್ತೀರ, ನೀವು ಗ್ರಾಹಕರೇ ಅಲ್ಲ" ಅಂತ ಹೇಳಿ ಹೆದರ್ಸ್ತಾರೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ಅಂತಾನೇ ತಗೊಂಡು ತಾನೇ ಬಳಸೋ ಸಾಮಾನು ಕಮರ್ಷಿಯಲ್ ಲೆಕ್ಕಕ್ಕೆ ಬರಲ್ಲ ಅಂತ ಆ ಕಾಯ್ದೆಯ ವಿವರಣೇಲೇ ಇದೆ. ಹತ್ತು ಜನ ಕೆಲಸದೋರನ್ನ ಇಟ್ಕೊಂಡು ಗ್ಯಾರೇಜ್ ನಡೆಸೋರದ್ದು ಬೇರೆ ಮಾತು, ಒಬ್ಬನೇ ಬ್ಯಾಗ್ ಹಾಕ್ಕೊಂಡು ಮನೆಮನೆಗೆ ಹೋಗೋನು ಗ್ರಾಹಕನೇ. ಆದ್ರೆ ಕಂಪನಿ ವಾರಂಟಿ ಕಾರ್ಡಲ್ಲಿ ಕಮರ್ಷಿಯಲ್ ಬಳಕೆಗೆ ಇಲ್ಲ ಅಂತ ಬೇರೆ ಷರತ್ತು ಹಾಕಿರ್ತಾರೆ, ಅದನ್ನ ತಗೊಳ್ಳೋ ಮುಂಚೆನೇ ಓದ್ಬೇಕು.

ಇನ್ನು ಮಚ್ಚು, ಕುಡ್ಲು, ಗುದ್ದಲಿ ಬಗ್ಗೆ ಕೇಳ್ತೀರೇನೋ. ಅದಕ್ಕೆ ನಾನು ಅಂಗಡಿಗೆ ಹೋಗೋದೇ ಬಿಟ್ಟಿದೀನಿ. ನಮ್ಮೂರ ಕುಲುಮೇಲಿ ಲಾರಿಯ ಹಳೇ ಪಟ್ಟ ಕೊಟ್ರೆ ಕಾಯ್ಸಿ ತಟ್ಟಿ ಮಚ್ಚು ಮಾಡ್ಕೊಡ್ತಾರೆ, ಹದ ತಪ್ಪಿ ಬಾಯಿ ಮಡಚ್ಕೊಂಡ್ರೆ ಮಾರನೇ ದಿನ ತಗೊಂಡು ಹೋದ್ರೆ ನಾಲ್ಕು ಬೈಗುಳದ ಜೊತೆ ಸರಿ ಮಾಡ್ಕೊಡ್ತಾರೆ, ಬಿಲ್ಲೂ ಇಲ್ಲ ಸೀಲೂ ಇಲ್ಲ. ಆ ಕುಲುಮೆ ಇನ್ನೆಷ್ಟು ವರ್ಷ ಉರಿಯುತ್ತೋ, ಮಗ ಬೆಂಗಳೂರಲ್ಲಿ ಕ್ಯಾಬ್ ಓಡಿಸ್ತಾನೆ.

ಕೊನೇಗೆ ಬದಲಿ ಪೀಸ್ ಬಂತು ಅಂದ್ಕೊಳ್ಳಿ. ಖುಷಿಗೆ ಹಂಗೇ ಜೇಬಿಗೆ ಹಾಕ್ಕೊಂಡು ಬರಬೇಡಿ. ಹಳೇ ಬಿಲ್ ಮೇಲೆನೇ "ಬದಲಿ ಕೊಟ್ಟಿದೆ" ಅಂತ ತಾರೀಕು ಸಮೇತ ಬರೆಸಿ, ಇಲ್ದಿದ್ರೆ ನಾಳೆ ಇದೂ ಹೋದ್ರೆ ಇದಕ್ಕೆ ಬಿಲ್ ಎಲ್ಲಿ ಅಂತಾರೆ. ಆಮೇಲೆ ಅಲ್ಲೇ ಕೌಂಟರಲ್ಲೇ ಮತ್ತೆ ಬೆಳಕಿಗೆ ಹಿಡಿದು ನೋಡಿ. ನನಗೆ ಮೊದ್ಲು ಕೊಟ್ಟ ಬದಲಿ ಪ್ಲೇಯರಲ್ಲಿ ಟ್ಯೂಬ್‌ಲೈಟ್ ಬೆಳಕು ಗೆರೆ ಎಳೆದಂಗೆ ತೂರ್ತಿತ್ತು, ವಾಪಸ್ ಕೊಟ್ಟೆ. ಅಂಗಡಿ ಹುಡುಗ ಗೊಣಗ್ತಾನೇ ಒಳಗಿಂದ ಡಬ್ಬಾನೇ ತಂದು ಮುಂದೆ ಸುರಿದ, "ತಗೊಳಣ್ಣ, ನೀನೇ ಆರ್ಸ್ಕೋ" ಅಂದ. ಆರನೇದು ಸರಿಯಾಗಿತ್ತು.